ಬರೀ ಬೆಳಕು

ಮೊದ್ಲು ಆಣೆ ಇಡು ವಿಶಾಲಿ. ಹಂಗಲ್ಲ, ಒಲೆ ಮುಂದೆ ನಿಂತ್ಕೊಂಡು ಇಡು. ನಾನು ಹೇಳೋದು ಈ ಅಡುಗೆಮನೆ ಹೊಸಲು ದಾಟಬಾರ್ದು. ಕಡೂರಿಗೆ ವಾಪಸ್ ಹೋದ್ಮೇಲೆ ನಿನ್ನ ಗಂಡನ ಹತ್ರಾನೂ ಬಾಯಿ ಬಿಡಕೂಡ್ದು. ಒಳಗೆ ಮಲಗಿದ್ದಾರಲ್ಲ ನಿಮ್ಮಮ್ಮ, ಅವ್ರ ಕಿವಿಗಂತೂ ಬೀಳಲೇಕೂಡ್ದು. ಭಾನುವಾರದಿಂದ ಹೊಟ್ಟೇಲಿ ಇಟ್ಕೊಂಡಿದೀನಿ. ನನ್ನಂಥೋಳು ನಾಲ್ಕು ದಿನ ಇಟ್ಕೊಂಡಿದೀನಿ ಅಂದ್ರೆ ಎಂಥ ವಿಷಯ ಅಂತ ನೀನೇ ಯೋಚ್ನೆ ಮಾಡು. ಇಟ್ಟೆಯಾ? ಸರಿ, ಕಾಫಿ ಬಗ್ಗಿಸ್ತಾ ಕೇಳು.

"ಮೇಷ್ಟ್ರೇ, ನಮ್ಮ ರೀಲು ಕ್ಯಾಮರಾ ಥರಾನೇ ಮೋಸ ಮಾಡದೇ ಇರೋ ಹೊಸ ಕ್ಯಾಮರಾ ಯಾವ್ದು?"

ಹಂಗಂತ ಕೇಳಿದ್ದು ನಮ್ಮ ಮನೆ ಪಕ್ಕದ ಫೋಟೋ ಸ್ಟುಡಿಯೋ ಓಂಕಾರಿ. ಕೇಳಿಸ್ಕೊಂಡಿದ್ದು ಅವನ ಗುರು ತೀರ್ಥಪ್ಪ ಮೇಷ್ಟ್ರು. ಇನ್ನೊಂದು ಜೊತೆ ಕಿವಿ ಯಾವ್ದು ಅಂತ ಕೇಳ್ಬೇಡ. ನಮ್ಮ ಹಿತ್ತಲಿಗೂ ಅವರ ಸ್ಟುಡಿಯೋಗೂ ಒಂದೇ ಗೋಡೆ, ಗೋಡೇಲಿ ಗವಾಕ್ಷಿ ಇದೆ, ಹಪ್ಪಳ ಒಣಗಕ್ಕೆ ಅಲ್ಲಿ ಬಿಟ್ರೆ ಬೇರೆಲ್ಲೂ ಬಿಸಿಲು ಬೀಳಲ್ಲ. ಹಪ್ಪಳ ತಿರುವಿ ಹಾಕೋಳು ಕಿವಿಗೆ ಹತ್ತಿ ಇಟ್ಕೊಂಡು ಹಾಕ್ತಾಳಾ?

ಓಂಕಾರಿ ನಿಂಗೆ ಅಷ್ಟು ಬಳಕೆ ಇಲ್ಲ. ನಿನ್ನ ಮದ್ವೆ ಆಗಿ ನೀನು ಹೋದ್ಮೇಲೆ ಅವನು ಸ್ಟುಡಿಯೋ ಸೇರಿದ್ದು. ಇಪ್ಪತ್ತು ವರ್ಷದೋನು ಬಂದ, ಈಗ ತಲೇಲಿ ಅರ್ಧ ಕೂದಲಿಲ್ಲ. ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗ್ಸಿದ್ಮೇಲೆ ಅಂಗಡಿ ಪೂರ್ತಿ ಅವನದೇ. ಮೇಷ್ಟ್ರು ದಿನಾ ಬೆಳಿಗ್ಗೆ ಬಂದು, ಆ ಜಲಪಾತ ಬರೆದಿರೋ ಪರದೆ ಮುಂದಿನ ಸ್ಟೂಲ್ ಮೇಲೆ ಕೂರ್ತಾರೆ. ನೋಡಿದೋರು ಈ ಮುದುಕಪ್ಪ ಫೋಟೋ ತೆಗಿಸ್ಕೊಳ್ಳಕ್ಕೆ ಬಂದು ಮರ್ತೇ ಹೋಗಿದಾನೆ ಅನ್ಬೇಕು, ಹಂಗೆ.

ಈ ಓಂಕಾರಿಗೆ ಎರಡು ತಿಂಗಳಿಂದ ಊಟ ಸೇರ್ತಿರ್ಲಿಲ್ಲ. ಯಾಕೆ ಅಂದ್ರೆ ರೀಲು ಬರೋದು ನಿಂತೋಗಿದೆ. ಶಿವಮೊಗ್ಗದ ಲ್ಯಾಬಿನೋರು ಮುಂದಿನ ತಿಂಗಳಿಂದ ರೀಲು ತೊಳೆಯಲ್ಲ ಅಂದ್ಬಿಟ್ಟಿದ್ದಾರೆ. ಊರಿನೋರೆಲ್ಲ ಬಂದು "ಡಿಜಿಟಲ್ ಇದ್ಯಾ?" ಅಂತಾರೆ, ಇಲ್ಲ ಅಂದ್ರೆ ಸಂತೆ ಬೀದಿ ಹೊಸ ಹುಡುಗ್ರ ಹತ್ರ ಹೋಗ್ತಾರೆ. ಇವನ ಹತ್ರ ಉಳಿದಿದ್ದು ಹನ್ನೊಂದು ರೀಲು. ಅವನ್ನ ಮನೆ ಫ್ರಿಜ್ಜಲ್ಲಿ, ಹಾಲಿನ ಪಾತ್ರೆ ಪಕ್ಕ, ಮಕ್ಕಳ ಔಷಧಿ ಇಟ್ಟಂಗೆ ಇಟ್ಟಿದ್ದ. ಅವನ ಹೆಂಡ್ತಿ ಶೈಲ ಎಂಥೋಳು ಅಂತ ಕೇಳು. "ನೋಡಿ, ಈ ಹನ್ನೊಂದು ರೀಲಿಗೋಸ್ಕರ ನನ್ನ ದೋಸೆ ಹಿಟ್ಟು ಹೊರಗಿದ್ದು ಹುಳಿ ಬರ್ತಿದೆ. ಒಂದೋ ಬುಧವಾರ ಶಿವಮೊಗ್ಗಕ್ಕೆ ಹೋಗಿ ಹೊಸ ಕ್ಯಾಮರಾ ತನ್ನಿ. ಇಲ್ಲಾಂದ್ರೆ ಶಟರ್ ಎಳೆದು ನಮ್ಮಣ್ಣನ ಸಿಮೆಂಟ್ ಅಂಗಡೀಲಿ ಕೂತ್ಕೊಳ್ಳಿ" ಅಂತ ಖಡಾಖಂಡಿತ ಹೇಳಿದ್ಲು. ಬೀದಿಗೆಲ್ಲ ಕೇಳೋ ಹಂಗೆ ಹೇಳಿದ್ಲು, ಇದಕ್ಕೆ ಗವಾಕ್ಷಿ ಬೇಕಾಗ್ಲಿಲ್ಲ.

ಅವನು ಎರಡು ಕ್ಯಾಮರಾ ನೋಡಿಟ್ಟಿದ್ದ. ಒಂದಕ್ಕೆ ಮೇಷ್ಟ್ರ ಹಳೇ ಲೆನ್ಸುಗಳೆಲ್ಲ ಕೂರ್ತವಂತೆ, ಆದ್ರೆ ಅದೇನೋ ಮೆಗಾಪಿಕ್ಸೆಲ್ಲು ಆರೇ ಅಂತೆ. ಇನ್ನೊಂದ್ರಲ್ಲಿ ಹತ್ತು ಇದೆ, ಲೆನ್ಸು ಹೊಸದೇ ಬೇಕು. ಎಣಿಸಿ ನೋಡಿದೋರು ಯಾರು ಬಿಡು. ಇವನು ಆ ಎರಡು ಕಾಗದ ಜೇಬಲ್ಲಿಟ್ಕೊಂಡು ಒಂದ್ಸಲ ಇದು ಅಂತಾನೆ, ಒಂದ್ಸಲ ಅದು ಅಂತಾನೆ, ಹೆಣ್ಣು ನೋಡಕ್ಕೆ ಹೋಗಿ ಅಕ್ಕನ್ನೂ ಒಪ್ಪದೆ ತಂಗೀನೂ ಒಪ್ಪದೆ ಉಪ್ಪಿಟ್ಟು ತಿಂದು ಬರೋನ ಥರ.

ನಿಜ ಹೇಳ್ಬೇಕು ಅಂದ್ರೆ ಅವನಿಗೆ ಎರಡೂ ಬೇಡವಾಗಿತ್ತು. ಅವನ ಜೀವ ಎಲ್ಲಾ ಇದ್ದಿದ್ದು ಆ ಕತ್ಲೆ ಕೋಣೇಲಿ. ಕೆಂಪು ಬಲ್ಬು ಹಾಕ್ಕೊಂಡು, ಟ್ರೇ ನೀರೊಳಗೆ ಬಿಳೀ ಕಾಗದ ಮೆಲ್ಲಗೆ ಅಲ್ಲಾಡಿಸ್ತಾ ನಿಂತ್ರೆ, ಮೊದ್ಲು ತಲೆಗೂದಲು ಬರೋದಂತೆ, ಆಮೇಲೆ ಕಣ್ಣು, ಎಲ್ಲಾ ಆದ್ಮೇಲೆ ನಗು. ಎಷ್ಟು ಸಾವಿರ ಸಲ ನೋಡಿದ್ರೂ ಆ ನಗು ಬರೋ ಹೊತ್ತಿಗೆ ಇವನೂ ನಗ್ತಿದ್ನಂತೆ. ದಾರಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ನೇತಾಕಿದ್ರೆ, ನಮ್ಮ ಬೀದಿಯೋರೆಲ್ಲ ಅಲ್ಲಿ ಸಾಲಾಗಿ ನೀರು ಸೋರಿಸ್ಕೊಂಡು ನಿಂತಿರೋರು. ಶೈಲ ಹೊಸ ಮದ್ವಣಗಿತ್ತಿ ಆಗಿದ್ದಾಗ ಇವನ ಕೈಯ ಹೈಪೋ, ಅದೇ ಫೋಟೋ ತೊಳೆಯೋ ಔಷಧಿ, ಅದರ ವಾಸನೆಗೆ ಮೂಗು ಮುಚ್ಕೊಳ್ಳೋಳು. ಈಗ ಕಲರ್ ಬಂದು, ತೊಳೆಯೋದೆಲ್ಲ ಲ್ಯಾಬಿಗೆ ಹೋಗಿ, ಆ ವಾಸನೇನೂ ಹೋಯ್ತು. ಇನ್ನು ರೀಲೂ ಹೋದ್ರೆ ಇವನ ಕೈಗೆ ಏನುಳೀತು ಹೇಳು.

ಮತ್ತೆ ಆಗೆಲ್ಲ ಫೋಟೋ ಅಂದ್ರೆ ಎಷ್ಟು ಕಾಯ್ತಿದ್ವಿ! ಎಂಟು ದಿನ ಬಿಟ್ಟು ಬನ್ನಿ ಅಂದ್ರೆ ಆರನೇ ದಿನಕ್ಕೇ ಮನೆ ಮಂದಿಯೆಲ್ಲ ಅಂಗಡಿ ಮುಂದೆ. ಆ ಹಳದಿ ಕವರ್ ಬಿಚ್ಚಿದ್ರೆ ಒಂದರ ಮೇಲೊಂದು ತಲೆ. ಬೆರಳು ಹಚ್ಬೇಡಿ, ಅಂಚು ಹಿಡ್ಕೊಳ್ಳಿ ಅಂತ ಓಂಕಾರಿ ಕೂಗೋನು.

ಭಾನುವಾರ ಮೇಷ್ಟ್ರ ಮುಂದೆ ಅದನ್ನೆಲ್ಲ ಹೇಳ್ಕೊಂಡು ಕೂತಿದ್ದ. "ಹೊಸ ಕ್ಯಾಮರಾದಲ್ಲಿ ತೆಗೆದ ತಕ್ಷಣ ಹಿಂದುಗಡೆ ಮುಖ ಕಾಣುತ್ತಂತೆ ಮೇಷ್ಟ್ರೇ. ನನ್ನ ಗಲ್ಲ ದಪ್ಪ ಕಾಣುತ್ತೆ, ಅಳಿಸು ಅಂತಾರೆ. ಅಳಿಸಿಬಿಡಬೇಕಂತೆ! ಅಳಿಸಕ್ಕೆ ಬರೋದೂ ಒಂದು ಫೋಟೋನಾ? ನಮ್ಮ ರೀಲು ಒಂದ್ಸಲ ಬಿತ್ತು ಅಂದ್ರೆ ಬಿತ್ತು. ಅದು ಇವತ್ತಿನವರೆಗೂ ಯಾರಿಗೂ ಮೋಸ ಮಾಡಿಲ್ಲ. ಅಂಥ ಕ್ಯಾಮರಾ ಯಾವ್ದು ಅಂತ ನೀವು ಹೇಳಿ, ಬುಧವಾರ ಅದನ್ನೇ ತರ್ತೀನಿ. ಇಲ್ಲ ಅಂದ್ರೆ ಇಲ್ಲ ಅನ್ನಿ, ಸಿಮೆಂಟ್ ಅಂಗಡಿಗೇ ಹೋಗ್ತೀನಿ."

ನಾನು ಒಂದು ಸಾಲು ಹಪ್ಪಳ ಪೂರ್ತಿ ತಿರುವಿದೆ. ಆಮೇಲೆ ಮೇಷ್ಟ್ರು ಶುರು ಮಾಡಿದ್ರು, ಮೆಲ್ಲಗೆ, ಪಾಠ ಒಪ್ಪಿಸೋ ಹಂಗೆ.

"ಒಬ್ಬ ಫೋಟೋದವನಿದ್ದ. ಮದುವೆಗಳಿಗೆ ಹೋಗ್ತಿದ್ದ. ಒಂದು ರೀಲಿಗೆ ಮೂವತ್ತಾರು ಫೋಟೋ. ಒಂದು ಮದುವೆಗೆ ಮುನ್ನೂರು ಜನ. ಎಲ್ಲರಿಗೂ ಒಂದೊಂದು ಬೇಕು. ಅವನ ಫ್ಲ್ಯಾಶಿನ ಬೆನ್ನಿಗೆ ಒಂದು ಚಿಕ್ಕ ಗುಂಡಿ ಇತ್ತು. ಅದನ್ನ ಎಡಗೈ ಹೆಬ್ಬೆರಳಲ್ಲಿ ಒತ್ತಿದ್ರೆ ಬೆಳಕು ಬರ್ತಿತ್ತು. ರೀಲು ಓಡ್ತಿರ್ಲಿಲ್ಲ. ಬೇಕಾದವರಿಗೆ ಅವನು ಫೋಟೋ ಹೊಡೀತಿದ್ದ. ಬೇಡದವರಿಗೆ ಬರೀ ಬೆಳಕು ಹೊಡೀತಿದ್ದ. ವಾಲಗದ ಗದ್ದಲದಲ್ಲಿ ಯಾರಿಗೂ ತಿಳೀತಿರ್ಲಿಲ್ಲ."

ವಿಶಾಲಿ, ನಂಗೆ ಅಲ್ಲೇ ನೆನಪಾಯ್ತು. ನಮ್ಮಕ್ಕನ ಮದ್ವೇಲಿ ನಾನು ಮೂರು ಸಲ ನಿಂತಿದ್ದೆ, ಮೂರೂ ಬರ್ಲಿಲ್ಲ. ಇರ್ಲಿ, ನನ್ನ ಕತೆ ಆಮೇಲೆ.

"ಒಂದು ಮದುವೇಲಿ ಒಬ್ಬ ಹೆಂಗಸಿದ್ದಳು. ಕೂಲಿಗೆ ಬಂದು ಮೂಲೇಲಿ ಕೂತು ತಾಂಬೂಲದ ಎಲೆ ಕಟ್ತಿದ್ದಳು. ಊಟ ಎಲ್ಲ ಮುಗಿದ ಮೇಲೆ ಮುಖ ತೊಳ್ಕೊಂಡು ಬಂದಳು. ಯಾರ ಹತ್ರಾನೋ ಒಂದು ತುಂಡು ಮಲ್ಲಿಗೆ ಕೇಳಿ ಮುಡ್ಕೊಂಡಿದ್ದಳು. ಕಂಬದ ಪಕ್ಕ ನಿಂತು, ಅಣ್ಣಾ, ನಂದೂ ಒಂದು ಹೊಡಿ ಅಂದಳು. ಅವನು ಬೆಳಕು ಹೊಡೆದ. ಅವಳು, ಅಯ್ಯೋ ಅಣ್ಣಾ, ಕಣ್ಣು ಮುಚ್ಚಿಬಿಟ್ಟೆ, ಇನ್ನೊಂದು ಹೊಡೀತೀಯಾ ಅಂದಳು. ಅವನು ಇನ್ನೊಂದು ಸಲ ಬೆಳಕು ಹೊಡೆದ. ಅವಳು ಈ ಸಲ ಕಣ್ಣು ಬಿಟ್ಕೊಂಡೇ ಇದ್ದಳು. ನೀರು ಬರೋವರೆಗೂ ಬಿಟ್ಕೊಂಡಿದ್ದಳು.

"ಎಂಟು ದಿನ ಬಿಟ್ಟು ಅಂಗಡಿಗೆ ಬಂದಳು. ತೊಳೆದಾಯ್ತಾ ಅಣ್ಣಾ ಅಂದಳು. ಇನ್ನೂ ಇಲ್ಲ ಅಂದ. ಆಮೇಲೆ ಪ್ರತಿ ಸಂತೆಗೂ ಬಂದಳು. ಬಂದಾಗೆಲ್ಲ ಅವನಿಗೆ ಅಂತ ಒಂದು ಹಿಡಿ ಚಿಗುರೆಲೆ ತರ್ತಿದ್ದಳು. ಅವನು ಎಲೆ ಇಸ್ಕೊಂಡ, ಅಡಿಕೆ ಹಾಕ್ಕೊಂಡು ತಿಂದ. ನಾಲ್ಕನೇ ಸಂತೆಗೆ ಅವನಿಗೆ ಬೇಜಾರಾಯ್ತು. ನೀನು ಎರಡು ಸಲಾನೂ ಕಣ್ಣು ಮುಚ್ಚಿದ್ದೆ ಕಣಮ್ಮ, ಹಾಳಾಗೋಯ್ತು ಅಂದ. ಅವಳು ಎಲೆ ಅಲ್ಲೇ ಇಟ್ಟಳು. ನಂದೇ ತಪ್ಪು ಬಿಡಣ್ಣಾ, ನಿನ್ನ ರೀಲು ದಂಡ ಆಯ್ತು ಅಂದಳು. ಹೋದಳು."

ಮೇಷ್ಟ್ರು ಇಲ್ಲಿಗೆ ನಿಲ್ಸಿದ್ರು. ಓಂಕಾರಿ ಕತೆ ಮುಗೀತು ಅಂದ್ಕೊಂಡ. ಇದನ್ನ ಆಮೇಲೆ ಶೈಲನ ಹತ್ರ ಹೇಳ್ಕೊಂಡನಂತೆ, ಅವಳೇ ನಂಗೆ ಹೇಳಿದ್ದು. ಆ ಚಿಕ್ಕ ಗುಂಡಿ ಅವನಿಗೂ ಗೊತ್ತು. ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಅವನ ಹೆಬ್ಬೆರಳು ಹಿಡ್ಕೊಂಡು, ಇಲ್ಲಿ ಒತ್ತು, ನಗ್ತಾ ಒತ್ತು ಅಂತ ತೋರ್ಸಿಕೊಟ್ಟಿದ್ದು ಇದೇ ಮೇಷ್ಟ್ರು. ಅದು ಅವನಿಗೆ ಯಾವತ್ತೂ ಮೋಸ ಅನ್ನಿಸಿರ್ಲೇ ಇಲ್ಲ. ಕಸುಬು ಅನ್ನಿಸಿತ್ತು.

"ಹತ್ತು ವರ್ಷ ಆಯ್ತು" ಅಂದ್ರು ಮೇಷ್ಟ್ರು. "ಅದೇ ಹೆಂಗಸು ಮಗಳ ಮದುವೆ ಮಾಡಿದಳು. ಅದೇ ಫೋಟೋದವನನ್ನ ಕರೆಸಿದಳು. ಅವನ ಮೇಲೆ ಅವಳಿಗೆ ಏನೂ ಸಿಟ್ಟಿರ್ಲಿಲ್ಲ. ಅವನು ಈ ಸಲ ನಿಜವಾಗ್ಲೂ ರೀಲು ಹಾಕ್ಕೊಂಡು, ಹೆಣ್ಣಿನ ತಾಯಿ ಬರಬೇಕು ಅಂತ ಕರೆದ. ಅವಳು ಬರ್ಲಿಲ್ಲ. ಬೇಡಣ್ಣಾ, ನನ್ನ ಕಣ್ಣು ನಿಲ್ಲಲ್ಲ, ಮಗೂದು ಫೋಟೋ ಹಾಳಾಗುತ್ತೆ ಅಂದಳು. ಎಲ್ಲರೂ ಎಳೆದರು. ಬರ್ಲಿಲ್ಲ. ಧಾರೆ ಎರೆಯೋವಾಗ ಪಕ್ಕಕ್ಕೆ ತಿರುಗಿ, ಸೆರಗು ಅಡ್ಡ ಹಿಡ್ಕೊಂಡು ನೀರು ಬಿಟ್ಟಳು. ಆ ಆಲ್ಬಮ್ಮಲ್ಲಿ ಮೂವತ್ತಾರು ಫೋಟೋ ಇವೆ. ಒಂದರಲ್ಲಿ ತಂಬಿಗೆ ಹಿಡಿದ ಕೈ ಇದೆ, ಹಸಿರು ಬಳೆ ಇವೆ. ತಾಯಿ ಮುಖ ಒಂದರಲ್ಲೂ ಇಲ್ಲ. ಇವತ್ತಿಗೂ ಯಾರಾದರೂ ಕ್ಯಾಮರಾ ಎತ್ತಿದರೆ ಅವಳು ಕಂಬದ ಹಿಂದೆ ಹೋಗ್ತಾಳೆ."

ಓಂಕಾರಿಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ. "ಮೇಷ್ಟ್ರೇ, ಮಗಳ ಮದುವೇಲಾದ್ರೂ ಅವನು ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ? ತಪ್ಪು ನಿಂದಲ್ಲಮ್ಮಾ, ನಂದು ಅಂತ?"

"ಹೇಳ್ಬಹುದಿತ್ತು. ಅಷ್ಟು ಜನದ ಮುಂದೆ ಅವನಿಗೆ ನಾಚಿಕೆ ಆಯ್ತು."

ಓಂಕಾರಿ ಜೇಬಿಂದ ಆ ಎರಡು ಕಾಗದ ತೆಗೆದು ಸ್ಟೂಲ್ ಪಕ್ಕ ಇಟ್ಟ. ನಂಗೆ ಹೆಂಗೆ ಗೊತ್ತು ಅಂದ್ರೆ, ಕಾಗದ ಪರಪರ ಅಂತು. "ಹಾಗಾದ್ರೆ ನಾನು ಯಾವ್ದು ತಗೊಳ್ಳಿ ಮೇಷ್ಟ್ರೇ?"

ಮೇಷ್ಟ್ರು ಕಾಗದದ ಕಡೆ ನೋಡ್ಲೂ ಇಲ್ಲ ಅನ್ಸುತ್ತೆ.

"ಯಾವುದಾದ್ರೂ ತಗೋ ಓಂಕಾರಿ, ರೀಲು ಮುಗಿದು ಹೋಗುತ್ತೆ ಅನ್ನೋ ನೆಪ ಎರಡರಲ್ಲೂ ಇಲ್ಲ."

ಓಂಕಾರಿ ಎಡಗೈ ಹೆಬ್ಬೆರಳನ್ನ ಬಲಗೈ ಒಳಗೆ ಮುಚ್ಕೊಂಡು ಸಾಯಂಕಾಲದವರೆಗೂ ಹಂಗೇ ಕೂತಿದ್ನಂತೆ. ಶೈಲ ಊಟಕ್ಕೆ ಕರೆಯಕ್ಕೆ ಬಂದೋಳು ನೋಡಿ, ಏನೂ ಬೈಯ್ದೆ ಹೋದ್ಲಂತೆ. ನಿನ್ನೆ ಬುಧವಾರ ಮೊದಲನೇ ಬಸ್ಸಿಗೇ ಶಿವಮೊಗ್ಗಕ್ಕೆ ಹೋದ. ಎರಡರಲ್ಲಿ ಯಾವ್ದು ತಂದ ಅಂತ ಇನ್ನೂ ತಿಳಿದಿಲ್ಲ, ಸಂಜೆಯೊಳಗೆ ತಿಳ್ಕೊಳ್ತೀನಿ.

ಯಾಕೆ ವಿಶಾಲಿ, ಲೋಟ ಹಂಗೇ ಹಿಡ್ಕೊಂಡೆ? ಕಾಫಿ ಆರಿಹೋಯ್ತು. ನೋಡು, ಅಳಬೇಡ, ನಾನು ಯಾರ ಹೆಸರೂ ಹೇಳಿಲ್ಲ, ಮೇಷ್ಟ್ರೂ ಹೇಳಿಲ್ಲ. ಆದ್ರೆ ಈ ಬೀದೀಲಿ ತಾಂಬೂಲದ ಎಲೆ ಕಟ್ತಿದ್ದಿದ್ದು ನಿಮ್ಮಮ್ಮ ಒಬ್ಬರೇ ಕಣೆ. ನಿನ್ನ ಆಲ್ಬಮ್ಮು ನಾನೂ ನೋಡಿದೀನಿ. ಆ ಧಾರೆ ಫೋಟೋ ನೋಡಿದಾಗೆಲ್ಲ, ಈ ಗೌರಮ್ಮಂಗೆ ಎಷ್ಟು ಬಿಂಕ, ಮಗಳ ಮದ್ವೇಲೂ ಮುಖ ತಿರುಗಿಸ್ಕೊಂಡು ನಿಂತಿದ್ದಾಳೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೋಳು ನಾನೇ. ಅದಕ್ಕೇ ಈ ನಾಲ್ಕು ದಿನ ನಿಮ್ಮಮ್ಮನ ಎದುರಿಗೆ ಬರಕ್ಕೂ ನಂಗೆ...

ತಡಿ. ಗೇಟಿನ ಚಿಲಕ ಸದ್ದಾಯ್ತು. ಕಿಟಕೀಲಿ ನೋಡು, ಯಾರು ಅಂತ. ಬೇಡ, ನಾನೇ ನೋಡ್ತೀನಿ.

ಅಯ್ಯೋ ಶಿವನೇ, ಓಂಕಾರಿ ಕಣೆ. ಕೊರಳಿಗೆ ಹೊಸ ಕ್ಯಾಮರಾ ಹಾಕ್ಕೊಂಡಿದಾನೆ, ಹಳೇ ಲೆನ್ಸೇ ಕೂರಿಸಿದಾನೆ. ಹಿಂದೆ ಮೇಷ್ಟ್ರು ಕೋಲೂರ್ಕೊಂಡು ಬರ್ತಿದ್ದಾರೆ, ಕೈಯಲ್ಲಿ ಬಾಳೆ ಎಲೆ ಪೊಟ್ಟಣ. ಮಲ್ಲಿಗೆ, ವಾಸನೆ ಇಲ್ಲೀವರೆಗೂ ಬರ್ತಿದೆ. ಚಪ್ಪಲಿ ಬಿಡ್ತಿದ್ದಾರೆ. ಕಣ್ಣು ಒರೆಸ್ಕೋ, ನನ್ನಿಂದ ಏನೂ ಕೇಳಿಲ್ಲ ನೀನು, ಆಣೆ ಇಟ್ಟಿದೀಯ. ಓಡು, ನಿಮ್ಮಮ್ಮನ್ನ ಎಬ್ಬಿಸು, ಮುಖ ತೊಳ್ಕೊಳ್ಳಕ್ಕೆ ಹೇಳು...