ಚಿಣಕಿ ಸೂರ್ಯನನ್ನು ಕೇಳದೆ ಹೂಬಿಟ್ಟಳು

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ನದಿಗಳಿಗೇ ತಿಳಿದಿರಲಿಲ್ಲ. ಆಗ ಲೋಕಕ್ಕೆಲ್ಲ ಇದ್ದದ್ದು ಒಂದೇ ಒಂದು ಭಂಗಿ ಗಿಡ. ಅದಕ್ಕೆ ಮೂವರು ಹೆಣ್ಣುಮಕ್ಕಳು: ನೀಳಿ, ದುಂಡಿ, ಕೊನೆಯವಳು ಚಿಣಕಿ.

ಈ ಚಿಣಕಿ ಕೂತಲ್ಲಿ ಕೂರುವವಳಲ್ಲ. ಕಾಳಾಗಿದ್ದಾಗಲೇ ಸಿಪ್ಪೆಯೊಳಗೆ ಹೊರಳಾಡುತ್ತಿದ್ದಳು.

ಒಂದು ದಿನ ಗಾಳಿ ಬಂದು ಮೂವರನ್ನೂ ಎತ್ತಿಕೊಂಡಿತು. ತಾಯಿ ಕೂಗಿ ಹೇಳಿದಳು: "ಎಲ್ಲಿಗಾದ್ರೂ ಹೋಗ್ರಮ್ಮ. ಆದ್ರೆ ಸೂರ್ಯಪ್ಪ ಬೇಗ ಮನೆಗೆ ಹೋಗೋಕೆ ಶುರು ಮಾಡಿದ ಮೇಲೇನೇ ಹೂ ಬಿಡ್ಬೇಕು. ಅದು ನಮ್ಮ ಮನೆ ಪದ್ಧತಿ."

ನೀಳಿ ಬಿದ್ದದ್ದು ಬಿಸಿಲಿನ ನಾಡಿನಲ್ಲಿ. ಅಲ್ಲಿ ಅವಸರವೇ ಇಲ್ಲ. ಉದ್ದಕ್ಕೆ ಬೆಳೆದಳು, ಸೆಕೆ ತಡೆಯಲಾರದೆ ಎಲೆಗಳನ್ನು ಬೆರಳಿನಷ್ಟು ಸಣ್ಣ ಮಾಡಿಕೊಂಡಳು. ದುಂಡಿ ಬಿದ್ದದ್ದು ಚಳಿ ಬೆಟ್ಟದಲ್ಲಿ. ಗಾಳಿಗೆ ಹೆದರಿ ಗಿಡ್ಡಗೆ ಕೂತಳು, ಸಿಕ್ಕಷ್ಟು ಬಿಸಿಲು ಹಿಡಿಯಲು ಎಲೆ ಅಗಲಿಸಿದಳು.

ಚಿಣಕಿಯನ್ನು ಗಾಳಿ ದೂರದ ಉತ್ತರಕ್ಕೆ ಒಯ್ದಿತು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಅಪರೂಪ. ಮೊಣಕಾಲೆತ್ತರ ಬೆಳೆದ ಚಿಣಕಿ ಎಲೆ ಅಲ್ಲಾಡಿಸುತ್ತ ಕಾದಳು.

"ಸೂರ್ಯಪ್ಪಾ, ಮನೆಗೆ ಹೋಗಲ್ವಾ?"

"ಏನವಸರ ಮಗಳೇ? ಇನ್ನೂ ಸುತ್ತಬೇಕು."

ಮರುದಿನವೂ ಕೇಳಿದಳು, ಅದರ ಮರುದಿನವೂ ಕೇಳಿದಳು. ಅವನದು ಅದೇ ಮಾತು. ಇವಳಿಗೆ ಬೇರಿನ ತನಕ ಚಡಪಡಿಕೆ.

ಆಗ ಹಿಮಗಾಳಿ ಇಣುಕಿತು. "ಏ ಚಿಣಕಿ, ಇನ್ನೊಂದು ತಿಂಗಳಿಗೆ ಹಿಮ ತರ್ತೀನಿ. ಕಾಳು ಕಟ್ಟಿದ್ದೀಯ ತಾನೇ?"

"ಇಲ್ಲ! ಸೂರ್ಯಪ್ಪ ಇನ್ನೂ ಮನೆಗೆ ಹೋಗ್ತಿಲ್ಲ!"

"ಅವನು ಹೋಗೋಷ್ಟರಲ್ಲಿ ನೀನೇ ಹೋಗಿರ್ತೀಯ, ಹುಚ್ಚಿ."

ಚಿಣಕಿ ಯೋಚಿಸಿದಳು. ತಾನು ಸತ್ತರೆ ಸಾಯಲಿ, ಕಾಳು ಕಟ್ಟದೆ ಸತ್ತರೆ ತನ್ನವರೆಂಬುವರು ಈ ನೆಲದಲ್ಲಿ ಒಬ್ಬರೂ ಉಳಿಯುವುದಿಲ್ಲ. ಅಮ್ಮನನ್ನು ಕೇಳೋಣವೆಂದರೆ ಅವಳು ಎಷ್ಟೋ ನದಿಗಳಾಚೆ. ಸೂರ್ಯನನ್ನು ಕೇಳಿ ಕೇಳಿ ಸಾಕಾಗಿತ್ತು. ಪಾಪ, ಅವಳಿಗೆ ಅಳುವೇ ಬಂತು.

ಅಳುತ್ತಲೇ ತಾನು ಹುಟ್ಟಿ ಎಷ್ಟು ದಿನವಾಯಿತೆಂದು ಎಣಿಸಿದಳು. "ನಂಗೆ ಹೂ ಬಿಡೋ ವಯಸ್ಸಾಯ್ತು. ತಪ್ಪಾಯ್ತಮ್ಮ, ನಾನು ಕಾಯಲ್ಲ!" ಎಂದಳು. ಸುಡುವ ಹಗಲಿನಲ್ಲೇ ಹೂ ಬಿಟ್ಟಳು.

ಚಿಕ್ಕ ಹೂಗಳು, ನೋಡಲು ಏನೂ ಚೆಂದವಿಲ್ಲ. ಆದರೂ ಕಾಳು ಕಟ್ಟಿತು. ಕೊನೆಯ ಕಾಳು ನೆಲಕ್ಕೆ ಉದುರಿದ ಮರುದಿನವೇ ಹಿಮ ಸುರಿಯಿತು. ಚಿಣಕಿ ಒಣಗಿದಳು. ಕಾಳುಗಳು ಹಿಮದಡಿ ಬೆಚ್ಚಗೆ ಮಲಗಿದವು, ಹಿಮ ಕರಗಿದಾಗ ಎದ್ದವು.

ಅದಕ್ಕೇ ಮಗು, ಇವತ್ತಿಗೂ ನೀಳಿಯ ಮಕ್ಕಳು ಸಣ್ಣೆಲೆಯ ಉದ್ದ ಗಿಡಗಳು, ದುಂಡಿಯ ಮಕ್ಕಳು ಅಗಲ ಎಲೆಯ ಗಿಡ್ಡ ಗಿಡಗಳು. ಇಬ್ಬರ ಮಕ್ಕಳೂ ಹಗಲು ಕುಗ್ಗುವವರೆಗೆ ಕಾಯುತ್ತಾರೆ. ಚಿಣಕಿಯ ಮಕ್ಕಳು ಮಾತ್ರ ಮೊಣಕಾಲೆತ್ತರದಲ್ಲೇ ತಮ್ಮ ದಿನ ತಾವೇ ಎಣಿಸಿಕೊಂಡು ಹೂ ಬಿಡುತ್ತಾರೆ. ಸೂರ್ಯ ನೆತ್ತಿಯ ಮೇಲೇ ನಿಂತಿದ್ದರೂ ಅವನನ್ನೊಂದು ಮಾತು ಕೇಳುವುದಿಲ್ಲ.