ಹೊಳೆಗೆ ಮುಖ ಮಾಡಿದ ಬಾಗಿಲು

ನೀಲಕಂಠಜ್ಜನ ಆಶ್ರಮ ಎಂದರೆ ಹೊಳೆಯ ದಂಡೆಯ ಮೇಲೊಂದು ಪಡಸಾಲೆ, ಒಂದು ಒಲೆ, ಒಂದು ಬೇವಿನ ಮರ. ಅಷ್ಟೇ. ಆದರೂ ಅಲ್ಲಿ ಬೆಳೆದವರು ಯಾರೂ ಅದನ್ನು ಸಣ್ಣ ಜಾಗ ಎಂದದ್ದಿಲ್ಲ.

ದುಂಡಪ್ಪ ಅಲ್ಲಿ ಬೆಳೆದವನು. ವಯಸ್ಸಿಗೆ ಬಂದ ಮೇಲೆ ಅಜ್ಜನ ಕಾಲಿಗೆ ಬಿದ್ದು ಪಟ್ಟಣಕ್ಕೆ ಹೋಗಿ, ಬಸ್ ನಿಲ್ದಾಣದ ಹತ್ತಿರ ಒಂದು ಚಹಾ-ತಿಂಡಿಯ ಅಂಗಡಿ ಹಾಕಿದ. ಸ್ವಂತ ದುಡಿಮೆ ಎಂದು ಹಿಗ್ಗಿಕೊಂಡು ಹೋದವನು, ವರ್ಷ ತುಂಬುವುದರೊಳಗೆ ಒಂದು ಸಂಜೆ ಗಂಟು ಹೊತ್ತು ಬಂದು ಬೇವಿನ ಮರದಡಿ ನಿಂತ.

"ಅಜ್ಜಾರ, ನಾ ಇನ್ನ ಇಲ್ಲೇ ಇರ್ತೀನ್ರಿ."

"ಇರು. ಅಂಗಡಿ?"

"ನಾಳೆ ಮಾಲಕರಿಗೆ ಕೀಲಿಕೈ ಒಪ್ಪಿಸಿಬಿಡ್ತೀನ್ರಿ. ನನ್ನ ಕೈಲೆ ಆಗಂಗಿಲ್ಲ."

"ಅಡಿಗಿ ಕೆಟ್ಟಿತೇನು?"

"ಇಲ್ಲರಿ. ತಿಂದವರು ಛಲೋ ಐತಿ ಅಂತಾರ. ತಿನ್ನಾಕ ಬರೋರ ಇಲ್ಲ."

"ಮೈಗಳ್ಳತನ ಮಾಡಿದ್ಯಾ?"

ದುಂಡಪ್ಪನಿಗೆ ಸಿಟ್ಟು ಬಂತು. ಗುರುವಿನ ಮುಂದೆ ಸಿಟ್ಟು ಮಾಡಬಾರದು ಎನ್ನುವುದೂ ಮರೆತುಹೋಯಿತು.

"ಎಂಥಾ ಮಾತು ಆಡ್ತೀರಿ ಅಜ್ಜಾರ! ನೀವು ಹೆಂಗಿರ್ತೀರಿ ಹಂಗ ಇದ್ದೀನಿ. ನೀವು ಏಳೋ ಹೊತ್ತಿಗೇ ಎದ್ದೀನಿ. ತಣ್ಣೀರು ಮೈಮ್ಯಾಲೆ ಹಾಕ್ಕೊಂಡೀನಿ. ಹೊತ್ತು ಹುಟ್ಟೋತನಕ ಮೌನ. ಒಂದು ದಿನಾನೂ ತಪ್ಪಿಲ್ಲ."

"ಮೌನ? ಅಂಗಡ್ಯಾಗ?"

"ಹೌದ್ರಿ. ಗಿರಾಕಿ ಬಂದು ಚಹಾ ಐತೇನು ಅಂದ್ರೂ ಬಾಯಿ ಬಿಚ್ಚಿಲ್ಲ. ಕೈಸನ್ನಿ ಮಾಡ್ತಿದ್ದೆ."

ಅಜ್ಜ ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ನಗು ಒತ್ತರಿಸಿ ಬಂದಿತ್ತು.

"ಬಾಗಲಾ ಎತ್ಲಾಗ ಐತಿ?"

"ಮೂಡಲಕ್ಕರಿ, ಇಲ್ಲಿದ್ದಂಗ. ನಿಲ್ದಾಣದ ಎದುರಿಗೇ ಒಂದು ಮಳಿಗಿ ಸಿಕ್ಕಿತ್ತು. ಅದರ ಬಾಗಲಾ ಪಡುವಲಕ್ಕಿತ್ತು, ಒಲ್ಲೆ ಅಂದೆ. ಹಿಂದಿನ ಓಣ್ಯಾಗ ಮೂಡಲ ಬಾಗಿಲದ್ದು ಹುಡುಕಿ ಹಿಡದೆ."

"ಉಂಡು ಮಲಗು," ಎಂದರು ಅಜ್ಜ. "ಮುಂಜಾನೆ ಮಾತಾಡೂಣು."

ಬೆಳಕು ಹರಿಯುವ ಮೊದಲೇ ಇಬ್ಬರೂ ಎದ್ದರು. ದುಂಡಪ್ಪ ಹೊಳೆಯಲ್ಲಿ ಮುಳುಗಿ ಬಂದು, ತುಟಿ ಬಿಗಿದುಕೊಂಡು ಒಲೆಯ ಮುಂದೆ ಕೂತ. ಎಷ್ಟೋ ತಿಂಗಳ ಮೇಲೆ ಮನಸ್ಸು ತಣ್ಣಗಾಗಿತ್ತು. ಇದೇ ನನ್ನ ಜಾಗ, ಇನ್ನು ಎಲ್ಲಿಗೂ ಹೋಗುವುದಿಲ್ಲ ಅಂದುಕೊಂಡ.

ಅಷ್ಟರಲ್ಲಿ ಪಡಸಾಲೆ ಗುಡುಗುವಂತೆ ಅಜ್ಜ ಕೂಗಿದರು.

"ಏ ದುಂಡ್ಯಾ! ಉಪ್ಪು ಎಲ್ಲೈತೋ?"

ದುಂಡಪ್ಪ ಬೆಚ್ಚಿಬಿದ್ದ. ಬಾಯಿ ತೆರೆಯದೆ ಗೋಡೆಯ ಗೂಡಿನ ಕಡೆ ಬೆರಳು ತೋರಿಸಿದ.

"ಬಾಯಿಲೆ ಹೇಳೋ. ಬಾಯಾಗ ಏನ್ ಇಟಗೊಂಡಿ?"

ಸಾಲದ್ದಕ್ಕೆ ಸೌಟಿನಿಂದ ಪಾತ್ರೆಯನ್ನು ಢಣಢಣ ಬಡಿದರು. ಬೇವಿನ ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು.

"ಅಜ್ಜಾರ! ಮೌನ ಮುರೀತಲ್ರಿ!"

"ಮುರದ್ರ ಯಾರಿಗೆ ಎಚ್ಚರಾಗ್ತದ?" ಅಜ್ಜ ಪಡಸಾಲೆಯತ್ತ ಕೈ ಮಾಡಿದರು. "ನೋಡು. ಯಾರರ ಮಲಗ್ಯಾರೇನು?"

ಯಾರೂ ಇರಲಿಲ್ಲ.

ಪಡಸಾಲೆ ತುಂಬಿರುತ್ತಿದ್ದ ಕಾಲ ದುಂಡಪ್ಪನ ಕಣ್ಣ ಮುಂದೆ ಬಂತು. ಆಗ ಹೊಳೆಗೆ ಸೇತುವೆ ಇರಲಿಲ್ಲ. ಆಚೆ ದಂಡೆಯ ಸಂತೆಗೆ ಹೋಗುವವರು ಹಿಂದಿನ ಸಂಜೆಯೇ ಬಂದು ಇಲ್ಲಿ ಮಲಗುತ್ತಿದ್ದರು. ಬೆಣ್ಣೆ ಮಾರುವ ಹೆಂಗಸರು, ಕಂಬಳಿಯವರು, ಬಳೆಗಾರರು, ತವರಿಗೆ ಹೊರಟ ಬಸುರಿಯರು. ಬೆಳಕು ಹರಿಯುತ್ತಲೇ ಮೊದಲ ಹರಿಗೋಲು ಬಿಡುತ್ತಿತ್ತು, ಅದಕ್ಕೂ ಮೊದಲು ಎಲ್ಲರಿಗೂ ಬಿಸಿ ಅಂಬಲಿ. ಯಾರದೋ ಕೂಸು ಅಳುತ್ತಿತ್ತು, ಇನ್ಯಾರೋ ಅದಕ್ಕೆ ಬೆರಳ ತುದಿಯಲ್ಲಿ ಬೆಣ್ಣೆ ನೆಕ್ಕಿಸುತ್ತಿದ್ದರು. ಎಂಥ ಚೆಂದದ ಗದ್ದಲ!

"ದಣದು ಬಂದು ಮಲಗಿರ್ತಿದ್ರು, ಪಾಪ," ಎಂದರು ಅಜ್ಜ. "ಅಂಬ್ಲಿ ಕುದಿಯೋತನಕ ಇನ್ನೊಂದಿಷ್ಟು ನಿದ್ದಿ ಮಾಡ್ಲಿ ಅಂತ ನಾವು ಬಾಯಿ ಮುಚ್ಚಿಕೊಂಡು ಕೆಲಸಾ ಮಾಡ್ತಿದ್ವಿ. ಅದು ವ್ರತ ಅಂತ ನಿನಗ ಯಾರು ಹೇಳಿದ್ರೋ?"

ಯಾರೂ ಹೇಳಿರಲಿಲ್ಲ. ತಾನೇ ನೋಡಿ ತಾನೇ ಕಲಿತಿದ್ದ.

"ಮತ್ತ ಬಾಗಲಾರಿ?" ದುಂಡಪ್ಪನ ದನಿ ಇಳಿದಿತ್ತು. "ಮೂಡಲ ಬಾಗಲಾ ಶುಭ ಅಂತಲ್ಲೇನ್ರಿ?"

"ಹೊಳಿ ಆ ಕಡೆ ಐತಲ್ಲೋ ಮಾರಾಯಾ! ಹರಿಗೋಲು ಹತ್ತೋರಿಗೂ ಇಳಿಯೋರಿಗೂ ಒಲಿ ಕಾಣ್ಲಿ ಅಂತ ಇಟ್ಟೆ. ಹೊಳಿ ಪಡುವಲಕ್ಕ ಇದ್ದಿದ್ರ ಪಡುವಲಕ್ಕ ಇಡ್ತಿದ್ದೆ."

ದುಂಡಪ್ಪ ಪಿಳಿಪಿಳಿ ಕಣ್ಣು ಬಿಟ್ಟ.

"ಹೋಗ್ಲಿ," ಅಜ್ಜ ಅಂಬಲಿ ತಿರುವುತ್ತ ಕೇಳಿದರು. "ನಿಮ್ಮಲ್ಲಿ ಮೊದಲನೇ ಬಸ್ಸಿಗೆ ಯಾರು ಬಂದು ಇಳೀತಾರ?"

"ಗೊತ್ತಿಲ್ಲರಿ. ನಾ ಆಗ ಕಣ್ಣು ಮುಚ್ಚಿ ಕೂತಿರ್ತೀನಿ."

"ಯಾರನ್ನೂ ಕಂಡಿಲ್ಲ?"

ದುಂಡಪ್ಪ ಬಹಳ ಹೊತ್ತು ಸುಮ್ಮನಿದ್ದ. ಈ ಸಲ ಅದು ವ್ರತವಾಗಿರಲಿಲ್ಲ.

"ಒಬ್ಬಾಕಿ ಬರ್ತಿದ್ಲರಿ. ಹಳ್ಳಿಯಾಕಿ. ದವಾಖಾನಿಗೆ ಬರ್ತಿದ್ಲು ಅಂತ ಕಾಣ್ತದ, ಕಂಕುಳಾಗ ಕೂಸು ಇರ್ತಿತ್ತು. ಓಣ್ಯಾಗ ಹಣಿಕಿ ಹಾಕಿ, ತಟಗು ಹಾಲು ಬಿಸಿ ಮಾಡಿ ಕೊಡ್ತೀಯೇನಪಾ ಅಂತಿದ್ಲು. ನಾ ಕೈಸನ್ನಿ ಮಾಡ್ತಿದ್ದೆ. ಆಕಿಗೆ ತಿಳೀತಿರಲಿಲ್ಲ. ನಿಂತು ನೋಡಿ ಹೋಗಿಬಿಡ್ತಿದ್ಲು. ಆಮ್ಯಾಲೆ ಬರೋದ ಬಿಟ್ಲು."

ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು. ನಾಚಿಕೆಯಿಂದ ಮುಖ ಆಚೆ ತಿರುಗಿಸಿದ.

ಅಜ್ಜ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಬಟ್ಟಲಿಗೆ ಅಂಬಲಿ ಬಗ್ಗಿಸಿ ಮುಂದೆ ಇಟ್ಟರು.

ಹೊಳೆಯ ಮೇಲೆ ಬೆಳಕು ಬಿತ್ತು. ದೂರದ ಸೇತುವೆಯ ಮೇಲೆ ಒಂದು ಬಸ್ಸು ನಿಲ್ಲದೆ ಓಡಿತು. ಹರಿಗೋಲು ನಿಲ್ಲುತ್ತಿದ್ದ ಕಡೆ ಈಗ ಬರೀ ಜೇಕು ಹುಲ್ಲು ಬೆಳೆದಿತ್ತು.

"ಅಜ್ಜಾರ, ಒಂದು ಮಾತು ಕೇಳಲೇನ್ರಿ?"

"ಕೇಳು."

"ಸೇತುವಿ ಆಗಿ ಇಷ್ಟು ವರ್ಷಾತು. ಹರಿಗೋಲಿಲ್ಲ, ಮಲಗೋರಿಲ್ಲ. ಆದ್ರೂ ನೀವು ಕತ್ತಲದಾಗ ಎದ್ದು ಒಲಿ ಹಚ್ಚತೀರಲ್ಲ, ಅದ್ಯಾಕರಿ? ನಿಮಗ ವಯಸ್ಸಾತು. ನಾ ಇಲ್ಲೇ ಇದ್ದು ಹಚ್ಚತೀನಿ ಬಿಡ್ರಿ."

ಅಜ್ಜ ಹೊಳೆಯನ್ನೇ ನೋಡುತ್ತ ಕೂತರು. ಅವರ ಕಣ್ಣು ತೇವವಾಗಿತ್ತು.

"ಅವರ ನೆನಪು ಭಾಳ ಬರ್ತದಪಾ ನನಗ," ಎಂದರು. "ನೆನಸ್ಕೊಂತ ಕೂಡಾಕ ಒಬ್ಬ ಮುದುಕ ಸಾಕು. ನಿನ್ನ ಹಸದವರು ಇನ್ನೂ ಬಸ್ಸಿನಾಗಿಂದ ಇಳ್ಯಾಕತ್ತಾರ. ನಡಿ."