ಪರದೆಯ ಹಣೆಯ ಕುಂಕುಮ

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ, ತಪ್ಪಿದರೆ ಕ್ಷಮಿಸಿ. ನಮ್ಮ ಗ್ರಂಥಾಲಯದ ಕಂಪ್ಯೂಟರಿಗೆ ಆಯುಧಪೂಜೆಯಲ್ಲಿ ಪರದೆಯ ನಡುವೆಯೇ, ಅಂದರೆ ಅಕ್ಷರ ಕಾಣುವ ಜಾಗದಲ್ಲೇ, ದೊಡ್ಡ ಕುಂಕುಮದ ಬೊಟ್ಟಿಟ್ಟಿದ್ದೆವು. ರಜೆ ಮುಗಿದು ಇಂದು ಪುಟ್ಟಲಿಂಗಮ್ಮ ಮಗಳ ಹಾಸ್ಟೆಲ್ ಅರ್ಜಿ ತುಂಬಲು ಬಂದಿದ್ದಾರೆ. ಇವತ್ತೇ ಕೊನೆಯ ದಿನ. ಎಲ್ಲ ತುಂಬಿದರೂ ‘ಸಲ್ಲಿಸಿ’ ಎಂಬ ಗುಂಡಿ ಕಾಣುತ್ತಿಲ್ಲ. ಅದು ಪುಟ ಸರಿಸಿದರೂ ನಡುವೆಯೇ ನಿಲ್ಲುವಂಥ ಗುಂಡಿ, ಇದನ್ನು ಮೊದಲೇ ಹೇಳಬೇಕಿತ್ತು.

“ಬ್ರೌಸರಣ್ಣಾ, ನಿನ್ನ ಸೆಟ್ಟಿಂಗ್ ಕೆಟ್ಟಿದೆ,” ಎಂದಿತು ಪರದೆ.

ಬ್ರೌಸರ್ ಗಾಬರಿಯಾಗಿ ಪುಟವನ್ನು ಚಿಕ್ಕದು ಮಾಡಿತು. ಬೊಟ್ಟಿನಾಚೆ ತುಸುವೇ ಇಣುಕುತ್ತಿದ್ದ ಗುಂಡಿಯ ಅಂಚೂ ಮಾಯವಾಯಿತು. ಪುಟದ ಬಣ್ಣ ಬದಲಿಸಿತು. ಏನೂ ಆಗಲಿಲ್ಲ.

“ಪರದೆಯಪ್ಪಾ, ನಿನ್ನ ಹಣೆ ಒರೆಸಿಕೋ,” ಎಂದಿತು ಮೌಸ್.

“ಪೂಜೆ ಆಗಿದ್ದು ನನಗೆ. ನಿನಗೇಕೆ ಹೊಟ್ಟೆಕಿಚ್ಚು? ಬ್ರೌಸರಣ್ಣಾ, ಇನ್ನೊಂದು ಸೆಟ್ಟಿಂಗ್ ನೋಡು!”

ಇದರ ನೀತಿ ಏನೆಂದರೆ, ದೋಷ ಬ್ರೌಸರಿನದಲ್ಲ, ಹಾಗಂತ ಪೂಜೆಯದೂ ಅಲ್ಲ, ಅಂದರೆ ನಾವು ಮೊದಲು… ಇರಿ, ಪುಟ್ಟಲಿಂಗಮ್ಮ ಕೂಗುತ್ತಿದ್ದಾರೆ:

“ಸಾರ್, ಬರೆದಿದ್ದು ಸಾಕು ಬನ್ನಿ! ಕುಂಕುಮ ನಾನೇ ಸೆರಗಲ್ಲಿ ಒರೆಸ್ಬಿಟ್ಟೆ, ಗುಂಡಿ ಸಿಕ್ತು!”